ಗುರುವಾರದ ಬಟ್ಟಲು

ಮಿಶಿಗನ್ನಿನ ನೋವೈಯಿಂದ ಚಿಕಾಗೋ ಕಡೆಗೆ ಕಾರಿನಲ್ಲಿ ಹೊರಡುವ ನಮ್ಮ ಕನ್ನಡದವರು ಈಚೆಗೆ ನನಗೊಂದು ಫೋನ್ ಮಾಡಿಯೇ ಹೊರಡುತ್ತಾರೆ. "ಆಂಟಿ, ದಾರೀಲಿ ಒಳ್ಳೇ ಜಪಾನೀ ಊಟ ಎಲ್ಲಿ ಸಿಗುತ್ತೆ ಹೇಳಿ, ಮಕ್ಕಳು ಒಂದೇ ಸಮ ಹಟ ಮಾಡ್ತಿವೆ." ಮುದ್ದೆ ಇಲ್ಲದಿದ್ದರೆ ಅದು ಊಟವೇ ಅಲ್ಲ ಎನ್ನುವ ಮಂಡ್ಯದ ಮನೆಗೆ ಸೊಸೆಯಾಗಿ ಬಂದವಳು ನಾನು. ಹಸಿ ಮೀನು ತಿನ್ನುವವರನ್ನು ಕಂಡು ಮೂಗು ಮುರಿದವಳು. ಅಂಥ ನಾನು ಈ ವಿಷಯದಲ್ಲಿ ಪಂಡಿತೆಯಾಗಿ ಕೂತಿದ್ದೇನೆ ಎಂದರೆ ನನಗೇ ನಗು ಬರುತ್ತದೆ. ಆದರೂ ಹೇಳುತ್ತೇನೆ. ಹೇಳುವುದರಲ್ಲಿ ನನಗೆ ಜಿಪುಣತನವಿಲ್ಲ.

ಹೊರಡುವ ಮೊದಲೇ ತಿನ್ನುವುದಾದರೆ ನೋವೈಯಲ್ಲೇ ತಿನ್ನಿ ಎನ್ನುತ್ತೇನೆ. ಇಲ್ಲಿ ನಮ್ಮವರು ಎಷ್ಟಿದ್ದಾರೋ, ಕಾರ್ ಕಂಪನಿಗಳ ಕೆಲಸಕ್ಕೆ ಬಂದ ಜಪಾನಿನವರೂ ಅಷ್ಟೇ ಇದ್ದಾರೆ ಅನ್ನಿಸುತ್ತದೆ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೂ ಕಟಿಂಗ್ ಅಂಗಡಿಗೂ ನಡುವೆ ಒತ್ತಿಕೊಂಡಿರುವ ನೂಡಲ್ ಅಂಗಡಿಯಲ್ಲಿ ಮಧ್ಯಾಹ್ನ ಕುತ್ತಿಗೆಗೆ ಕಂಪನಿ ಬ್ಯಾಡ್ಜ್ ನೇತುಹಾಕಿಕೊಂಡ ಗಂಡಸರು ಸಾಲಾಗಿ ಕೂತು, ಒಬ್ಬರಿಗೊಬ್ಬರು ಮಾತಾಡದೆ, ಸೊರ್ ಸೊರ್ ಎಂದು ಸಾರು ಹೀರುತ್ತಿರುತ್ತಾರೆ. ಮಾತಿಲ್ಲದ ಕಡೆ ಊಟ ಚೆನ್ನಾಗಿರುತ್ತದೆ, ಇದು ನಾನು ಕಂಡುಕೊಂಡ ಗುಟ್ಟು. ಆನ್ ಆರ್ಬರಿನಲ್ಲಿ ವಿದ್ಯಾರ್ಥಿಗಳು ಮುತ್ತುವ ಒಂದು ಜಾಗವಿದೆ, ಡಬ್ಬಿ ಊಟ ಕೊಡುತ್ತಾರೆ. ಅಲ್ಲೇ ಓದುವ ನನ್ನ ಮಗಳು ತೋರಿಸಿದ್ದು. ಬ್ಯಾಟಲ್ ಕ್ರೀಕಿನ ಹತ್ತಿರ ಜಪಾನೀ ಕರಿ ಸಿಗುತ್ತದೆ, ನಮ್ಮ ಸಾಗುವಿಗೆ ಕೈತಪ್ಪಿ ಬೆಲ್ಲ ಬಿದ್ದ ಹಾಗೆ ಇರುತ್ತದೆ. ಮಕ್ಕಳಿಗೆ ಇಷ್ಟ. ಚಿಕಾಗೋ ಪಕ್ಕದ ಓಕ್ ಬ್ರೂಕಿಗೆ ಹೋಗುವವರಿಗೆ ಇನ್ನಷ್ಟು ವಾಯವ್ಯಕ್ಕೆ ಹೋಗಿ ಅಲ್ಲಿಯ ಜಪಾನೀ ದಿನಸಿ ಮಳಿಗೆಯೊಳಗಿನ ಊಟದ ಕಟ್ಟೆಗಳನ್ನು ನೋಡಿ ಎನ್ನುತ್ತೇನೆ. ಗಾಜಿನೊಳಗೆ ಪ್ಲಾಸ್ಟಿಕ್ಕಿನಲ್ಲಿ ಮಾಡಿದ ಊಟಗಳನ್ನು ಜೋಡಿಸಿಟ್ಟಿರುತ್ತಾರೆ, ಬೆರಳು ತೋರಿಸಿದರೆ ಸಾಕು. ಶನಿವಾರ ಮಾತ್ರ ಹೋಗಬೇಡಿ, ಜಾತ್ರೆ.

ಇಷ್ಟನ್ನೂ ಹೇಳುತ್ತೇನೆ. ಇನ್ನೂ ಒಂದು ಜಾಗವಿದೆ. ಅದು ಹೆದ್ದಾರಿಯಿಂದ ಬರೀ ಎರಡು ತಿರುವು. ಅದನ್ನು ಯಾರಿಗೂ ಹೇಳುವುದಿಲ್ಲ.

ನನ್ನ ಗಂಡ ಬಹಳ ವರ್ಷ ಆ ದಾರಿಯಲ್ಲಿ ಓಡಾಡಿದರು. ಮನೆ ನೋವೈಯಲ್ಲಿ, ಆಫೀಸು ಓಕ್ ಬ್ರೂಕಿನಲ್ಲಿ. ಸೋಮವಾರ ಬೆಳಕು ಹರಿಯುವ ಮೊದಲು ಹೊರಟು, ಗುರುವಾರ ಮಧ್ಯಾಹ್ನ ಅಲ್ಲಿಂದ ಹೊರಟು ಮನೆಗೆ. ಕಾರಿನ ಬಿಡಿಭಾಗ ಮಾಡುವ ಜಪಾನೀ ಕಂಪನಿ ಅವರದು. ಜೊತೆಯವರು ಕಲಿಸಿದ ರುಚಿ ನಾಲಿಗೆಗೆ ಹತ್ತಿತ್ತು. ದಾರಿಯುದ್ದಕ್ಕೂ ಎಲ್ಲೆಲ್ಲಿ ಏನು ಸಿಗುತ್ತದೆ ಎಂದು ಎಕ್ಸಿಟ್ ಸಮೇತ ಬಾಯಿಪಾಠ ಮಾಡಿಕೊಂಡಿದ್ದರು. ಬರುವಾಗ ಫೋನ್ ಮಾಡುತ್ತಿದ್ದರು. ಇಂಡಿಯಾನಾ ಮುಗಿದು ಮಿಶಿಗನ್ ಶುರುವಾಗುವಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹಾರುತ್ತದೆ. ಚಿಕಾಗೋದ ಸಮಯ ಬೇರೆ, ನಮ್ಮದು ಬೇರೆ. ಅಲ್ಲಿ ತಪ್ಪದೆ ಒಂದು ಫೋನ್. "ನನ್ನ ಒಂದು ಗಂಟೇನ ಮತ್ತೆ ನುಂಗಿಬಿಟ್ರು ಕಣೇ." ಪ್ರತಿ ವಾರವೂ ಅದೇ ಜೋಕು. ನಾನು ಪ್ರತಿ ವಾರವೂ "ಹೂಂ" ಎನ್ನುತ್ತಿದ್ದೆ. ಅದಾದ ಮೇಲೆ ಇನ್ನೊಂದು ಫೋನ್: "ಊಟ ಆಯ್ತು. ಅಜ್ಜಿ ಹತ್ರ." ಹಿಂದೆ ಗೂಡ್ಸ್ ರೈಲಿನ ಕೂಗು ಕೇಳುತ್ತಿತ್ತು, ಮಾತು ಅದರಲ್ಲಿ ಮುಳುಗುತ್ತಿತ್ತು.

ಅಜ್ಜಿ ಎಂದರೆ ಯಾವುದೋ ಹೋಟೆಲಿಗೆ ಇವರು ಇಟ್ಟ ಅಡ್ಡಹೆಸರು ಎಂದುಕೊಂಡಿದ್ದೆ.

ಗುರುವಾರ ಸಂಜೆ ನಾನು ಗಂಡ ಬರುತ್ತಾನೆ ಎಂದು ಇಂಡಿಯನ್ ಗ್ರೋಸರಿಯಿಂದ ಫ್ರೋಜನ್ ಅವರೆಕಾಳು ತಂದು, ಬಸ್ಸಾರು ಮಾಡಿ, ಮುದ್ದೆ ತಿರುವಿ ಕಾಯುತ್ತಿದ್ದೆ. ಗುರುವಾರ ಇವರು ಮಾಂಸ ಮುಟ್ಟುತ್ತಿರಲಿಲ್ಲ, ಚಿಕ್ಕಂದಿನಿಂದ ಹಾಗೆ. ಅಮೆರಿಕಕ್ಕೆ ಬಂದ ಮೇಲೂ ಬಿಡಲಿಲ್ಲ. ಮಿಕ್ಕ ದಿನ ಏನು ಬೇಕಾದರೂ ತಿಂದಾರು, ಗುರುವಾರ ಮೊಟ್ಟೆಯನ್ನೂ ಇಲ್ಲ. ಬಂದು, ಕೈಕಾಲು ತೊಳೆದು, ತಟ್ಟೆ ಮುಂದೆ ಕೂರುತ್ತಿದ್ದರು. ಮುದ್ದೆ ನೋಡುತ್ತಿದ್ದರು. ಮುಟ್ಟುತ್ತಿರಲಿಲ್ಲ. "ಊಟ ಆಗಿದೆ ಕಣೇ," ಎನ್ನುತ್ತಿದ್ದರು, ತಪ್ಪಿತಸ್ಥನ ಮುಖ ಮಾಡಿಕೊಂಡು. ನನಗೆ ಮೈಯೆಲ್ಲ ಉರಿಯುತ್ತಿತ್ತು. "ಹಾಗಾದ್ರೆ ಅಜ್ಜಿ ಮನೇಲೇ ಇದ್ದುಬಿಡಿ," ಎಂದು ತಟ್ಟೆ ಎತ್ತಿಕೊಂಡು ಹೋಗುತ್ತಿದ್ದೆ. ನನ್ನ ಸಮಾಧಾನಕ್ಕೆ ಎರಡು ತುತ್ತು ಮೊಸರನ್ನ ತಿಂದು ಸೋಫಾದಲ್ಲಿ ನಿದ್ದೆಹೋಗುತ್ತಿದ್ದರು.

ಅವರು ಹೋಗಿದ್ದು ಜನವರಿಯ ಒಂದು ಶನಿವಾರ ಬೆಳಿಗ್ಗೆ. ರಾತ್ರಿಯೆಲ್ಲ ಹಿಮ ಸುರಿದಿತ್ತು. ಮರುವಾರ ಜಪಾನಿಗೆ ಹೊರಡುವುದಿತ್ತು, ಕೆಲವು ತಿಂಗಳ ಕೆಲಸ. ಗೆಸ್ಟ್ ರೂಮಿನ ಮಂಚದ ಮೇಲೆ ಸೂಟ್‌ಕೇಸ್ ಬಾಯಿ ತೆರೆದುಕೊಂಡು ಬಿದ್ದಿತ್ತು. ಡ್ರೈವ್‌ವೇ ಹಿಮ ತೆಗೆದು ಬಂದು ಕಾಫಿ ಕುಡಿಯುತ್ತೇನೆ ಎಂದು ಹೋದವರು ಅರ್ಧ ತೆಗೆದಿದ್ದರು. ಎಡಗಡೆಯ ಅರ್ಧ ಕಪ್ಪಗೆ, ನೀಟಾಗಿ, ಗೆರೆ ಎಳೆದ ಹಾಗೆ. ಬಲಗಡೆ ಬೆಳ್ಳಗೆ. ಗೆರೆಯ ಮೇಲೆ ಅವರು ಮಲಗಿದ್ದರು. ಹೃದಯ ಎಂದರು ಡಾಕ್ಟರು. ನಾದಿನಿ ಮತ್ತು ಅವಳ ಗಂಡ ವೀಸಾ ಹೊಂದಿಸಿಕೊಂಡು ಮಂಡ್ಯದಿಂದ ಬರುವವರೆಗೂ ಕಾಯಬೇಕಾಗಿ, ಸಂಸ್ಕಾರ ಆದದ್ದು ಮುಂದಿನ ಶುಕ್ರವಾರ. ಅಲ್ಲಿಯವರೆಗೆ ಇವರು ಫ್ಯೂನರಲ್ ಹೋಮಿನ ತಣ್ಣನೆಯ ಕೋಣೆಯಲ್ಲಿದ್ದರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅತ್ತೆಗೆ ಬರಲಾಗಲಿಲ್ಲ. ಮಂಡ್ಯದಲ್ಲಿ ಮಗಳ ಮನೆಯಲ್ಲಿರುವ ಅವರು ಫೋನಿನ ಪರದೆಯಲ್ಲಿ ಮಗನ ಮುಖ ನೋಡಿ ಕಳಿಸಿಕೊಟ್ಟರು.

ಪಿತೃಪಕ್ಷ ಬಂತು. ವರ್ಷ ತುಂಬುವವರೆಗೆ ಎಡೆ ಇಡಬಾರದು ಎನ್ನುವವರೂ ಇದ್ದಾರೆ. ಅತ್ತೆ ಯಾರ ಮಾತನ್ನೂ ಕೇಳಲಿಲ್ಲ. ನಮ್ಮ ಕಡೆ ಎಡೆ ಎಂದರೆ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಬಾಳೆಲೆ ತುಂಬ ಬಡಿಸಿ, ಹೊಸ ಬಟ್ಟೆ ಇಟ್ಟು, ದೀಪ ಹಚ್ಚಿ, ಎಲ್ಲರೂ ಹೊರಗೆ ಬಂದು ಬಾಗಿಲು ಹಾಕಿಕೊಳ್ಳುವುದು. ನಾವು ನೋಡುತ್ತಿದ್ದರೆ ಅವರು ಉಣ್ಣುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ಬಾಗಿಲು ತಟ್ಟಿ, ಕೆಮ್ಮಿ, ಒಳಗೆ ಹೋಗುತ್ತೇವೆ. ಅನ್ನದ ಮೇಲೆ ಬೆರಳಿನ ಗುರುತಿದೆಯೇ, ಲೋಟದಲ್ಲಿ ನೀರು ಕಡಿಮೆಯಾಗಿದೆಯೇ ಎಂದು ಹೆಂಗಸರು ಬಗ್ಗಿ ನೋಡುತ್ತಾರೆ. ಅತ್ತೆ ಮಗನಿಗೆ ಮುದ್ದೆ, ನಾಟಿಕೋಳಿ ಸಾರು, ಒಬ್ಬಟ್ಟು, ಕಜ್ಜಾಯ ಎಲ್ಲ ಇಟ್ಟಿದ್ದರು. ಬಾಗಿಲು ತೆಗೆದಾಗ ಎಲೆ ಇಟ್ಟದ್ದು ಇಟ್ಟ ಹಾಗೇ ಇತ್ತಂತೆ. ಅವತ್ತೇ ಕನಸು ಬಿತ್ತು. ಮರುದಿನ ನನಗೆ ಫೋನ್.

"ಬಂದಿದ್ದ ಕಣವ್ವ. ಎಲೆ ಮುಂದೆ ಕುಂತ್ಕಂಡ. ನೋಡ್ದ. ಮುಟ್ನಿಲ್ಲ. ಎದ್ದೋಗ್ಬುಟ್ಟ."

ಅತ್ತೆ ಅಲ್ಲಿಗೇ ನಿಲ್ಲಿಸಲಿಲ್ಲ.

"ಹಸ್ಕಂಡವ್ನೆ ನನ್ ಮಗ. ಅಲ್ಲಿ ಏನ್ ಉಣ್ತಿದ್ನವ್ವ? ನೀನು ಕಂಡಿರ್ತೀಯ. ವರ್ಷದ ತಿಥಿಗೆ ಅದ್ನೇ ಇಕ್ಕನ. ನಾನು ಕಣ್ಮುಚ್ಚೋದ್ರೊಳಗೆ ಅವ್ನು ಒಂದು ತುತ್ತು ಉಣ್ಲಿ."

ನಾನು ಕಾರುಗಳ ಸಾಫ್ಟ್‌ವೇರ್ ಟೆಸ್ಟ್ ಮಾಡಿ ಹೊಟ್ಟೆ ಹೊರೆಯುವವಳು. ದೆವ್ವ ಭೂತಗಳ ಮಾತು ಬಂದರೆ ಎದ್ದು ಹೋಗುವವಳು. ಆದರೆ ಆ ಫೋನಿನ ನಂತರ ನನ್ನ ನೆಮ್ಮದಿ ಹಾಳಾಯಿತು. ಹಸಿದ ಗಂಡ ಮನೆಯಲ್ಲಿ ಓಡಾಡುತ್ತಿದ್ದಾನೆ ಎನ್ನುವುದು ತಲೆಯೊಳಗೆ ಹೊಕ್ಕಿತು. ಫ್ರಿಜ್ಜಿನ ಬಾಗಿಲು ಸರಿಯಾಗಿ ಮುಚ್ಚದೆ ಸಣ್ಣಗೆ ಬೀಪ್ ಎಂದರೆ ಎದೆ ಹೊಡೆದುಕೊಳ್ಳುತ್ತಿತ್ತು. ಒಂದು ಗುರುವಾರ ಸಂಜೆ, ಅವರು ಬರುವ ಹೊತ್ತಿಗೆ ಸರಿಯಾಗಿ, ಗರಾಜಿನ ಬಾಗಿಲು ತಾನಾಗಿ ಮೇಲೆದ್ದಿತು. ನಾನು ಸೌಟು ಹಿಡಿದು ನಿಂತೇ ಇದ್ದೆ. ಯಾರೂ ಬರಲಿಲ್ಲ. ರಿಪೇರಿಯವನು ಬಂದು, ಪಕ್ಕದ ಮನೆಯ ರಿಮೋಟಿಗೂ ನಮ್ಮದಕ್ಕೂ ತಾಳೆಯಾಗಿಬಿಟ್ಟಿದೆ ಎಂದ. ಇರಬಹುದು. ಗುರುವಾರವೇ ಯಾಕೆ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಭಯವಾಯಿತು. ಭಯಕ್ಕಿಂತ ಸಿಟ್ಟು ಬಂತು: ಬದುಕಿದ್ದಾಗ ತಟ್ಟೆ ಬಿಟ್ಟೆದ್ದು ಹೋದದ್ದು ಸಾಲದೆ, ಈಗಲೂ?

ಅತ್ತೆ ಕೇಳಿದ್ದನ್ನು ಹುಡುಕಿಕೊಡಬೇಕು ಎಂದು ಹೊರಟೆ. ಮಗಳು ಬೇಡವೆಂದಳು. "ಅಮ್ಮಾ, ದಿಸ್ ಈಸ್ ನಾಟ್ ಹೆಲ್ದಿ." ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಹಾಗೆ ಶುರುವಾಯಿತು ನನ್ನ ಜಪಾನೀ ಊಟದ ಪಾಂಡಿತ್ಯ. ಇವರ ಬಾಯಲ್ಲಿ ಕೇಳಿದ್ದ ಜಾಗಗಳಿಗೆಲ್ಲ ಹೋಗಿ ಕೂತು ತಿಂದೆ. ನೂಡಲ್ ತಿಂದೆ, ಕರಿ ತಿಂದೆ, ಕಡ್ಡಿ ಹಿಡಿಯಲು ಬಾರದೆ ಮೊಣಕೈವರೆಗೆ ಸಾರು ಸುರಿಸಿಕೊಂಡೆ. ಎಲ್ಲ ಕಡೆಯೂ ಕೇಳುತ್ತಿದ್ದೆ: ಮೀನು ಮಾಂಸ ಇಲ್ಲದ್ದು ಏನಿದೆ? ಬಡಿಸುವವರು ಪಾಪ ತಲೆ ಕೆರೆದುಕೊಳ್ಳುತ್ತಿದ್ದರು. ತರಕಾರಿಯದು ಎಂದು ಕಾಣುವ ಸಾರಿಗೂ ಬುಡದಲ್ಲಿ ಒಣಮೀನಿನ ನೀರು. ಬದನೆಕಾಯಿಯ ಮೇಲೂ ಒಣಮೀನಿನ ತೆಳು ಚಕ್ಕೆ, ಬಿಸಿಗೆ ಅಲುಗಾಡುತ್ತ ಜೀವ ಇರುವ ಹಾಗೆ. ಬ್ಯಾಟಲ್ ಕ್ರೀಕಿನಲ್ಲಿ ಕೂತಾಗ ನನಗೆ ಹೊಳೆಯಿತು. ಗುರುವಾರ ಈ ಮನುಷ್ಯ ಇವುಗಳಲ್ಲಿ ಒಂದನ್ನೂ ತಿಂದಿರಲು ಸಾಧ್ಯವಿಲ್ಲ. ಮೆನುವಿನಲ್ಲಿ ಇಲ್ಲದ ಏನನ್ನೋ, ಯಾರೋ, ಇವರಿಗೆಂದೇ ಮಾಡಿ ಹಾಕುತ್ತಿದ್ದರು. ಅಜ್ಜಿ ಎನ್ನುವುದು ಅಡ್ಡಹೆಸರಲ್ಲ.

ನವೆಂಬರಿನಲ್ಲಿ ಬುಧವಾರವೇ ಓಕ್ ಬ್ರೂಕಿಗೆ ಹೋಗಿ ಹೋಟೆಲಿನಲ್ಲಿ ಉಳಿದು, ಗುರುವಾರ ಮಧ್ಯಾಹ್ನ ಅವರು ಹೊರಡುತ್ತಿದ್ದ ಹೊತ್ತಿಗೆ ಅಲ್ಲಿಂದ ಹೊರಟೆ. ಅವರದೇ ಕಾರು. ಬೂದು ಬಣ್ಣದ್ದು, ಮುಂದಿನ ಬಂಪರಿಗೆ ಜಿಂಕೆ ಗುದ್ದಿ ಆದ ತಗ್ಗು ಹಾಗೇ ಇದೆ, ಡ್ಯಾಶ್‌ಬೋರ್ಡಿನ ಮೇಲೆ ಬೆರಳುದ್ದದ ಗಣಪತಿ. ಟ್ರಕ್ಕುಗಳ ನಡುವೆ, ಸರೋವರದ ಕಡೆಯಿಂದ ಬೀಸುವ ಗಾಳಿಯಲ್ಲಿ, ಮಿಶಿಗನ್ ಬೋರ್ಡು ದಾಟಿದಾಗ ಫೋನಿನ ಗಡಿಯಾರ ಒಂದು ಗಂಟೆ ಮುಂದಕ್ಕೆ ಹಾರಿತು. ಖಾಲಿ ಕಾರಿನಲ್ಲಿ ನಾನು "ಹೂಂ" ಎಂದೆ. ಎಂದ ಮೇಲೆ ಬಹಳ ಹೊತ್ತು ಪಕ್ಕದ ಸೀಟಿನ ಕಡೆ ನೋಡಲು ಧೈರ್ಯ ಬರಲಿಲ್ಲ.

ರೈಲು ಹಳಿ ಪಕ್ಕದಲ್ಲಿ ಓಡುವ ಕಡೆಯೆಲ್ಲ ಎಕ್ಸಿಟ್ ತೆಗೆದುಕೊಂಡೆ. ಕೆಲವು ಕಡೆ ಬರೀ ಪೆಟ್ರೋಲ್ ಬಂಕು, ಕೆಲವು ಕಡೆ ಜೋಳದ ಕೂಳೆಯ ಹೊಲ. ಒಂದು ಕಡೆ ಟೈರಿನ ಅಂಗಡಿ, ಕಾಸು ಹಾಕಿ ಬಟ್ಟೆ ಒಗೆಯುವ ಅಂಗಡಿ, ಅದರಾಚೆ ಬಾಗಿಲ ಮೇಲೆ ನೀಲಿ ಬಟ್ಟೆ ಇಳಿಬಿಟ್ಟ ಸಣ್ಣ ಜಪಾನೀ ಊಟದ ಮನೆ. ಐದು ಗಂಟೆಯವರೆಗೆ ಮುಚ್ಚಿದೆ ಎಂಬ ಬೋರ್ಡು ತೂಗುತ್ತಿತ್ತು. ಸರಿ, ಇದೂ ಅಲ್ಲ ಎಂದು ಕಾರು ತಿರುಗಿಸಲು ಹೋದೆ.

ಅಷ್ಟರಲ್ಲಿ ಬಾಗಿಲು ತೆರೆಯಿತು. ಎಪ್ಪತ್ತು ದಾಟಿದ ಪುಟ್ಟ ಹೆಂಗಸು, ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ, ಹೆಚ್ಚುಕಡಿಮೆ ಓಡುತ್ತಲೇ ಕಾರಿನ ಕಡೆ ಬಂದರು. ಮುಖ ತುಂಬ ನಗು. ನಾನು ಬಾಗಿಲು ತೆರೆದು ಇಳಿದೆ. ಅವರು ನಿಂತರು. ನನ್ನನ್ನು ನೋಡಿದರು, ಬಂಪರಿನ ತಗ್ಗು ನೋಡಿದರು, ಬಗ್ಗಿ ಆಚೆ ಕಡೆಯ ಸೀಟು ನೋಡಿದರು.

ನನ್ನ ಜೀವನದಲ್ಲಿ ಅಷ್ಟು ಹಿಂಸೆ ಅನುಭವಿಸಿದ ಕ್ಷಣ ಇನ್ನೊಂದಿಲ್ಲ. ನನ್ನ ಗಂಡ ಆ ಸೀಟಿನಲ್ಲಿ ಇಲ್ಲದ್ದನ್ನು ಇನ್ನೊಬ್ಬರ ಕಣ್ಣಲ್ಲಿ ನೋಡಿದೆ.

ಅವರ ಇಂಗ್ಲಿಷು ಸಣ್ಣದು. ನನ್ನದೂ ಅವತ್ತು ಸಣ್ಣದಾಗಿತ್ತು. "ಹೆಂಡತಿ?" ಎಂದು ಕೇಳಿದರು. ಹೌದೆಂದು ತಲೆಯಾಡಿಸಿದೆ. "ಅವರು ಇನ್ನೂ ಜಪಾನಿನಲ್ಲಿ?"

ಹೇಳಬೇಕಿತ್ತು. ಬಾಯಿ ತೆರೆದೆ. ಅವರು ಉತ್ತರಕ್ಕೆ ಕಾಯಲಿಲ್ಲ. ಕಂಪನಿಗಳು ಹಾಗೇ, ಮೂರು ತಿಂಗಳು ಎಂದು ಕಳಿಸಿ ವರ್ಷ ಇಟ್ಟುಕೊಳ್ಳುತ್ತಾರೆ, ತನ್ನ ಗಂಡನನ್ನೂ ಇಲ್ಲಿಯ ಫ್ಯಾಕ್ಟರಿ ಮ್ಯಾನೇಜರುಗಳಿಗೆ ಅಡಿಗೆ ಮಾಡಲು ಎರಡು ವರ್ಷ ಎಂದು ಕರೆತಂದಿದ್ದರು, ನೋಡು ಇಲ್ಲೇ ಮುದುಕರಾದೆವು ಎನ್ನುತ್ತ ನನ್ನ ಮುಂಗೈ ಹಿಡಿದು ಒಳಗೆ ಕರೆದುಕೊಂಡು ಹೋದರು.

ಒಳಗೆ ಯಾರೂ ಇರಲಿಲ್ಲ. ಪರದೆಯ ಹಿಂದೆ ಅವರ ಗಂಡ ಏನನ್ನೋ ಹೆಚ್ಚುವ ಸದ್ದು. ಮರದ ಕಟ್ಟೆಯ ಮುಂದೆ ಸಾಲು ಸ್ಟೂಲು. ಗೋಡೆಗೆ ತಾಗಿದ ಕೊನೆಯ ಜಾಗದಲ್ಲಿ ಊಟ ಬಡಿಸಿಟ್ಟಿತ್ತು. ಮುಚ್ಚಳ ಹಾಕಿದ ಒಂದು ಬಟ್ಟಲು, ಪಕ್ಕದಲ್ಲಿ ಸಣ್ಣ ತಟ್ಟೆಯಲ್ಲಿ ಉಪ್ಪಿನಕಾಯಿ, ಕಡ್ಡಿಗಳು ಅಡ್ಡಲಾಗಿ, ಒಂದು ಲೋಟ ನೀರು. ಇದನ್ನು ನಾನು ಬಲ್ಲೆ. ಮನೆಯವರು ಹೊರಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಒಳಗೆ ಇರುವುದು ಇದೇ.

"ಅವರದು," ಎಂದರು.

ಕೂತು, ನಿಧಾನವಾಗಿ ವಿವರಿಸಿದರು. ಅವರ ಊರಿನಲ್ಲಿ ಮನೆಯವರು ದೂರ ಪ್ರಯಾಣ ಹೋದರೆ ಅವರ ಪಾಲಿನ ಊಟವನ್ನೂ ಮನೆಯಲ್ಲಿ ಬಡಿಸಿಡುತ್ತಾರಂತೆ. ಅಲ್ಲಿ ಅವರು ಹಸಿಯಬಾರದು, ಕ್ಷೇಮವಾಗಿ ಮರಳಬೇಕು ಎಂದು. ಅದಕ್ಕೊಂದು ಹೆಸರು ಹೇಳಿದರು. ಬಿಡಿಸಿ ಹೇಳಿ ಎಂದರೆ, ನೆರಳಿನ ಊಟ ಎಂದರು. ಸ್ವಲ್ಪ ಹೊತ್ತಿನ ಮೇಲೆ ಮುಚ್ಚಳ ತೆಗೆದು ನೋಡಬೇಕು. ಒಳಮೈಗೆ ನೀರಿನ ಹನಿ ಕೂತಿದ್ದರೆ ಹೋದವರು ಚೆನ್ನಾಗಿದ್ದಾರೆ. ನನ್ನ ಗಂಡ ಕೊನೆಯ ಸಲ ಬಂದಾಗ ಜಪಾನಿಗೆ ಹೋಗುತ್ತೇನೆ, ನಿಮ್ಮ ಊರಿನ ಚಹಾ ತಂದುಕೊಡುತ್ತೇನೆ ಎಂದು ಹೇಳಿದ್ದರಂತೆ. ನನ್ನ ಊರಿಗೆ ನನಗಾಗಿ ಹೋದವನು, ಮಗನ ಹಾಗೆ, ನಾನಲ್ಲದೆ ಯಾರು ಇಡಬೇಕು ಎಂದರು. ಗುರುವಾರ ಬರುತ್ತಿದ್ದ, ಗುರುವಾರ ಇಡುತ್ತೇನೆ.

"ಅವರಿಗೆ ಏನು ಕೊಡುತ್ತಿದ್ದಿರಿ?" ಎಂದೆ.

ಅವರು ನಕ್ಕರು. ಮೊದಲ ದಿನ ಬಂದು ಗುರುವಾರ ಮೀನು ಬೇಡ, ಮಾಂಸ ಬೇಡ, ಮೀನಿನ ಸಾರೂ ಬೇಡ ಎಂದನಂತೆ ಆ ಮಹಾನುಭಾವ, ಮುಚ್ಚಿದ ಹೊತ್ತಿನಲ್ಲಿ, ಜಪಾನೀ ಊಟದ ಮನೆಗೆ ಬಂದು! ಅಂಗಡಿಯಲ್ಲಿ ಕೊಡುವಂಥದ್ದೇನೂ ಇರಲಿಲ್ಲ. ತಾನೂ ಗಂಡನೂ ಮಧ್ಯಾಹ್ನ ತಿನ್ನುವುದನ್ನೇ ಕೊಟ್ಟೆ ಎಂದರು. ಬಿಸಿ ಅನ್ನ, ಅದರ ಮೇಲೆ ಬಿಸಿ ಚಹಾ ಸುರಿದದ್ದು, ಎಳ್ಳು, ಒಂದು ಹುಳಿ ಉಪ್ಪಿನಕಾಯಿ. ಅಷ್ಟೇ.

ಅಷ್ಟೇ. ನಾನು ಬಸ್ಸಾರು ಮಾಡಿಕೊಂಡು ಕಾಯುತ್ತಿದ್ದ ಗುರುವಾರಗಳಲ್ಲೆಲ್ಲ ಈ ಮನುಷ್ಯ ಅನ್ನಕ್ಕೆ ಚಹಾ ಸುರಿದುಕೊಂಡು ಉಂಡು ಬರುತ್ತಿದ್ದ. ನನಗೆ ಅಳು ಬರಬೇಕಿತ್ತು, ನಗು ಬಂತು.

ಅಜ್ಜಿ ಎರಡೂ ಕೈಯಲ್ಲಿ ಮುಚ್ಚಳ ಎತ್ತಿದರು. ತಿರುಗಿಸಿ ನನ್ನ ಕಡೆ ಹಿಡಿದರು. ಒಳಮೈ ತುಂಬ ಹನಿ. ಒಂದು ಹನಿ ಜಾರಿ ಇನ್ನೊಂದನ್ನು ಸೇರಿಕೊಂಡು ಅಂಚಿಗೆ ಬಂದು ನಿಂತಿತು.

"ನೋಡಿ. ಚೆನ್ನಾಗಿದ್ದಾರೆ."

ಬಿಸಿ ಅನ್ನದ ಹಬೆ ತಣ್ಣನೆಯ ಮುಚ್ಚಳಕ್ಕೆ ತಾಗಿದರೆ ಹನಿಯಾಗುತ್ತದೆ. ಹೈಸ್ಕೂಲಿನ ಪಾಠ. ನನಗೆ ಗೊತ್ತಿಲ್ಲವೇ? ಗೊತ್ತು. ಆದರೂ ಅವತ್ತು ಜನವರಿಯ ನಂತರ ಮೊದಲ ಸಲ ನನ್ನ ಗಂಡ ಚೆನ್ನಾಗಿದ್ದಾನೆ ಎಂದು ಒಬ್ಬರು ನನಗೆ ಹೇಳಿದ್ದರು. ನಾನು ನಂಬಿದೆ. ಸುಳ್ಳು ಹೇಳುವುದಿಲ್ಲ, ಅಷ್ಟು ಹೊತ್ತು ಪೂರ್ತಿ ನಂಬಿದೆ.

"ಯಾವಾಗಲೂ ಹನಿ ಇರುತ್ತದೆಯೇ?"

ಒಂದೇ ಒಂದು ಸಲ ಇರಲಿಲ್ಲ ಎಂದರು. ಮೊದಲ ಗುರುವಾರ. ನನ್ನ ಗಂಡ ಹೇಳಿ ಹೋದ ಮರುವಾರವೇ ಇಟ್ಟದ್ದು. ಮುಚ್ಚಳ ಒಣಗಿತ್ತು, ಬಟ್ಟೆಯಲ್ಲಿ ಒರೆಸಿಟ್ಟ ಹಾಗೆ. ಹೆದರಿಕೆಯಾಗಿ ಗಂಡನನ್ನು ಕರೆದು ತೋರಿಸಿದರಂತೆ. ಅನ್ನ ಆರಿರಬೇಕು ಎಂದು ಅವರು ಬೈದರಂತೆ. ಅದರ ಮರುವಾರದಿಂದ ಯಾವತ್ತೂ ತಪ್ಪಿಲ್ಲ.

ಆ ಗುರುವಾರ ಇವರು ತಣ್ಣನೆಯ ಕೋಣೆಯಲ್ಲಿದ್ದರು. ಮಾರನೆಯ ದಿನ ಸಂಸ್ಕಾರ.

ನಾನು ಕಟ್ಟೆಯ ಅಂಚು ಹಿಡಿದುಕೊಂಡೆ. ಹಿಂದೆ ಗೂಡ್ಸ್ ರೈಲು ಕೂಗಿತು. ಫೋನಿನಲ್ಲಿ ಕೇಳುತ್ತಿದ್ದ ಅದೇ ಕೂಗು, ಈಗ ಗೋಡೆಯಾಚೆಗೇ. ಕಡ್ಡಿಗಳು ತಟ್ಟೆಯ ಮೇಲೆ ಸಣ್ಣಗೆ ನಡುಗಿದವು. ರೈಲು ಉದ್ದವಾಗಿತ್ತು.

ಅಜ್ಜಿಯ ತಂದೆ ಮೀನಿನ ದೋಣಿಯಲ್ಲಿ ತಿಂಗಳುಗಟ್ಟಲೆ ಹೋಗುತ್ತಿದ್ದರಂತೆ, ತಾಯಿ ಹೀಗೇ ಇಡುತ್ತಿದ್ದರಂತೆ. "ಅವರು ಪ್ರತಿ ಸಲ ವಾಪಸ್ ಬಂದರೇ?" ಎಂದು ಕೇಳಿದೆ. ಕೇಳದೆ ಇರಲಾಗಲಿಲ್ಲ.

"ಒಂದು ಸಲ ಬರಲಿಲ್ಲ. ಅಮ್ಮ ಇಡುವುದನ್ನು ಬಿಡಲಿಲ್ಲ," ಎಂದರು. "ಹನಿ ಬರುತ್ತಿತ್ತು."

ಎಂದು, ಬಟ್ಟಲನ್ನು ನನ್ನ ಮುಂದೆ ಸರಿಸಿದರು. ಇಟ್ಟದ್ದನ್ನು ಆಮೇಲೆ ಮನೆಯವರು ತಿನ್ನಬೇಕು. ಇಷ್ಟು ದಿನ ನಾನು ತಿನ್ನುತ್ತಿದ್ದೆ, ಇವತ್ತು ಮನೆಯವಳೇ ಬಂದಿದ್ದಾಳೆ ಎಂದರು. ಎಡೆಯ ಅನ್ನವನ್ನೂ ನಾವು ಹೀಗೇ ತಿನ್ನುವುದು. ತಿಂದೆ. ಚಹಾ ಸ್ವಲ್ಪ ಒಗರು, ಅನ್ನ ಮೆತ್ತಗೆ, ಉಪ್ಪಿನಕಾಯಿ ಹಲ್ಲು ಚುಳ್ಳೆನ್ನಿಸುವಷ್ಟು ಹುಳಿ. ಜ್ವರ ಬಿಟ್ಟವರಿಗೆ ಕೊಡುವ ಗಂಜಿಯ ಹಾಗಿತ್ತು. ಸ್ವಲ್ಪವೂ ಬಿಡದೆ ತಿಂದೆ. ತಿನ್ನುವಾಗ ಪಕ್ಕದ ಸ್ಟೂಲಿನಲ್ಲಿ ಯಾರೋ ಕೂತು, ಹೇಗಿದೆ ಎಂದು ನನ್ನ ಮುಖ ನೋಡುತ್ತಿದ್ದ ಹಾಗಿತ್ತು. ಹೆದರಿಕೆಯಾಗಲಿಲ್ಲ. ತಿರುಗಿ ನೋಡಲೂ ಇಲ್ಲ. ನಾವು ನೋಡುತ್ತಿದ್ದರೆ ಅವರು ಇರುವುದಿಲ್ಲ.

ಹೊರಡುವಾಗ ಅಜ್ಜಿ ಬಾಗಿಲವರೆಗೆ ಬಂದರು. "ಚಹಾ ಮರೆಯಬೇಡ ಎಂದು ಹೇಳು."

"ಹೇಳುತ್ತೇನೆ," ಎಂದೆ.

ಹೇಳಬೇಕಿತ್ತಲ್ಲ ಎಂದು ನೀವು ಕೇಳಬಹುದು. ಮಗಳು ಕೇಳಿದಳು. ನಾನೂ ಮನೆ ತಲುಪುವವರೆಗೆ ಆ ವಾದವನ್ನೇ ಕಾರಿನಲ್ಲಿ ಜೋರಾಗಿ ನಡೆಸಿದೆ. ಹೇಳಿದ್ದರೂ ಅವರು ಬಟ್ಟಲು ಇಡುವುದನ್ನು ಬಿಡುತ್ತಿರಲಿಲ್ಲ ಎಂದು ಅನಿಸುತ್ತದೆ. ಆದರೆ ಹೇಳಿದ ಮೇಲೆ ಅದು ಎಡೆ. ಹೇಳದಿರುವವರೆಗೆ ಅದು ಊಟ. ನೋವೈಯಲ್ಲಿ, ಓಕ್ ಬ್ರೂಕಿನಲ್ಲಿ, ಮಂಡ್ಯದಲ್ಲಿ, ನನ್ನ ಮನೆಯ ಒಂದೊಂದು ಕೋಣೆಯಲ್ಲಿ ಇವರು ಸತ್ತಿದ್ದಾರೆ. ಹೆದ್ದಾರಿಯಿಂದ ಎರಡು ತಿರುವು ಒಳಗೆ ಒಂದು ಕಡೆ ಮಾತ್ರ ಊರಿಗೆ ಹೋಗಿದ್ದಾರೆ, ಬರುತ್ತಾರೆ.

ಆ ಜಾಗವನ್ನು ಯಾರಿಗೂ ಹೇಳದಿರುವುದು ಇದಕ್ಕೇ. ನಮ್ಮವರು ಒಳ್ಳೆಯವರು, ಅದೇ ತೊಂದರೆ. ಹೋಗುತ್ತಾರೆ, ಉಣ್ಣುತ್ತಾರೆ, ಊಟ ಮೆಚ್ಚಿ ಮಾತಿಗೆ ಕೂರುತ್ತಾರೆ. ನೋವೈಯಿಂದ ಒಬ್ಬರು ಬರುತ್ತಿದ್ದರು ಎಂದು ಅಜ್ಜಿ ಹೇಳುತ್ತಾರೆ. ಅಯ್ಯೋ ಅವರಾ, ಪಾಪ, ಹೋಗಿಬಿಟ್ರಲ್ಲ ಎಂದು ಇವರು ಹೇಳಿಯೇ ಹೇಳುತ್ತಾರೆ. ಮೊನ್ನೆ ರಾಚೆಸ್ಟರ್ ಹಿಲ್ಸಿನ ಹುಡುಗಿಯೊಬ್ಬಳು ಸರಿಯಾಗಿ ಆ ಎಕ್ಸಿಟ್ಟಿನಲ್ಲಿ ನಿಂತು ಫೋನ್ ಮಾಡಿದಳು. "ಆಂಟಿ, ಇಲ್ಲೊಂದು ಪುಟ್ಟ ಜಪಾನೀ ರೆಸ್ಟೋರೆಂಟ್ ತೋರಿಸ್ತಿದೆ ಮ್ಯಾಪಲ್ಲಿ, ಟ್ರೈ ಮಾಡಬಹುದಾ?" "ಬೇಡಮ್ಮ, ಮುಚ್ಚಿರುತ್ತೆ. ಮುಂದೆ ಹೋಗು, ಬ್ಯಾಟಲ್ ಕ್ರೀಕಲ್ಲಿ ಕರಿ ಚೆನ್ನಾಗಿದೆ," ಎಂದೆ.

ಅಜ್ಜಿಯ ಊರಿನ ಚಹಾ ಎಲ್ಲಿ ಸಿಗುತ್ತದೆ ಎಂದು ಹುಡುಕಿ ತರಿಸಿದ್ದೇನೆ. ಪೊಟ್ಟಣ ಅಡಿಗೆಮನೆಯ ಶೆಲ್ಫಿನಲ್ಲಿದೆ. ಅದನ್ನು ಕೊಟ್ಟರೆ ಪ್ರಯಾಣ ಮುಗಿದ ಹಾಗೆ. ಇನ್ನೂ ಕೊಟ್ಟಿಲ್ಲ.

ಅವತ್ತು ಗುರುವಾರ ಮನೆ ತಲುಪುವ ಹೊತ್ತಿಗೆ ಮಂಡ್ಯದಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಕಾಫಿ ಮುಂದಿಟ್ಟುಕೊಂಡು ಅತ್ತೆಗೆ ಫೋನ್ ಮಾಡಿದೆ. ಅಲ್ಲಿ ದೀಪ ಹಚ್ಚುವ ಹೊತ್ತು.

"ಸಿಕ್ತೇನವ್ವ? ಏನ್ ಉಣ್ತಿದ್ದ? ಏನ್ ಇಕ್ಕನ ಹೇಳು," ಎಂದರು, ನಾನು ಬಾಯಿ ತೆರೆಯುವ ಮೊದಲೇ.

ಏನು ಹೇಳಬೇಕೆಂದು ನಾನು ಹೊಂದಿಸಿಕೊಂಡಿರಲಿಲ್ಲ. ಚಹಾ ಸುರಿದ ಅನ್ನ ಎಂದರೆ ಅತ್ತೆ ಪಾಪ ಅದನ್ನೂ ಮಾಡುತ್ತಾರೆ, ಎಲೆಯ ಮೇಲೆ ಹರಿದುಹೋಗುತ್ತದೆ, ಆಮೇಲೆ ಮತ್ತೆ ಬೆರಳಿನ ಗುರುತು ಹುಡುಕುತ್ತಾರೆ. ಗುರುವಾರ ಸಂಜೆಗಳು ಕಣ್ಣ ಮುಂದೆ ಬಂದವು. ತಟ್ಟೆ ಮುಂದೆ ಕೂತು, ನೋಡಿ, ಮುಟ್ಟದೆ, ತಪ್ಪಿತಸ್ಥನ ಮುಖ.

"ಅತ್ತೆ, ನೀವು ಮುದ್ದೆಯನ್ನೇ ಇಡಿ," ಎಂದೆ. "ಅವರು ಹಸ್ಕೊಂಡಿಲ್ಲ. ನಿಮ್ಮನ್ನ ನೋಡ್ಕೊಂಡು ಹೋಗೋಕೆ ಬಂದಿದ್ರು, ಅಷ್ಟೇ. ಅವರದು ಊಟ ಆಗಿರುತ್ತೆ."

ಆಚೆ ಕಡೆ ಮೂಗು ಒರೆಸಿಕೊಂಡ ಸದ್ದು.

"ಯಾರವ್ವ ಇಕ್ತಾ ಇರೋದು?"

"ಒಬ್ರು ಅಜ್ಜಿ. ನಿಮ್ಮಷ್ಟೇ ವಯಸ್ಸು. ಅಲ್ಲಿ ದಾರೀಲಿ ಇದ್ದಾರೆ."

"ಬಿಸಿಯಾಗ್ ಇಕ್ತಾಳಾ?"

"ಹೂಂ ಅತ್ತೆ," ಎಂದೆ. "ನಾನೇ ನೋಡ್ದೆ. ಮುಚ್ಚಳದ ತುಂಬ ಹನಿ ಇತ್ತು."